26 ವರ್ಷ, ಕೈಲಿ ಕೆಲಸ ಇದೆ, ಆದ್ರೂ ಪಿಎಸ್‌ಐ ಆಗ್ಬೇಕು ಅನಿಸ್ತಿದೆ. ಈಗ ಹೊರಡೋದು ಸರಿನಾ?

ಹಿರಿಯೂರ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ನನಗೆ 26. ಊರು ಹಿರಿಯೂರು ತಾಲ್ಲೂಕಿನ ಹಳ್ಳಿ, ಓದಿದ್ದು ಬಿ.ಕಾಂ. ಬೆಂಗಳೂರಲ್ಲಿ ಖಾಸಗಿ ಬ್ಯಾಂಕೊಂದರ ಕಾಲ್ ಸೆಂಟರ್‌ನಲ್ಲಿದೀನಿ, ಮೋಸ ಹೋದೋರ ದೂರು ತಗೊಳ್ಳೋ ವಿಭಾಗ. ಸಂಬಳ ಪರವಾಗಿಲ್ಲ, ಪಿಜಿ ಬಾಡಿಗೆ ಕಟ್ಟಿ ಮನೆಗೂ ಕಳಿಸ್ತೀನಿ.

ದಿನಾ ಇದೇ ಕರೆಗಳು. ಒಟಿಪಿ ಹೇಳ್ಬಿಟ್ಟೆ, ಲಿಂಕ್ ಒತ್ಬಿಟ್ಟೆ, ಸಿಬಿಐ ಅಂತ ವಿಡಿಯೊ ಕಾಲ್ ಮಾಡಿ ಹೆದರಿಸಿದ್ರು. ನಾವು ಖಾತೆ ಬ್ಲಾಕ್ ಮಾಡಿ, ‘ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ’ ಅಂತ ಹೇಳಿ ಇಡ್ಬೇಕು. ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಮಾಡಿದ್ರು. ಪಿಂಚಣಿ ದುಡ್ಡು ಪೂರ್ತಿ ಹೋಗಿತ್ತು. ಒಂದು ಠಾಣೆಗೆ ಹೋದ್ರೆ ‘ಇದು ನಮಗೆ ಬರಲ್ಲ, ಅಲ್ಲಿಗೆ ಹೋಗಿ’ ಅಂದ್ರಂತೆ. ಅಲ್ಲಿಗೆ ಹೋದ್ರೆ ‘ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ, ನಾಳೆ ಬನ್ನಿ.’ ಕೊನೆಗೆ ನನಗೆ ‘ನೀನಾದ್ರೂ ಸರಿಯಾಗಿ ಬರ್ಕೊಳಮ್ಮ’ ಅಂದ್ರು. ನಾನು ಬರ್ಕೊಂಡ್ರೆ ಅದು ಎಫ್‌ಐಆರ್ ಆಗಲ್ವಲ್ಲ. ಅವತ್ತಿಂದ ಇದೇ ಕೊರೀತಿದೆ.

ಐಮಂಗಲದ ಪೊಲೀಸ್ ತರಬೇತಿ ಶಾಲೆ ನಮ್ಮ ತಾಲ್ಲೂಕಲ್ಲೇ ಇರೋದು, ಹಾಗಾಗಿ ಚಿಕ್ಕಂದಿನಿಂದ ಆಸೆ ಇತ್ತು. ಡಿಗ್ರಿ ಆದ ತಕ್ಷಣ ಮನೆಗೆ ದುಡ್ಡು ಬೇಕಿತ್ತು, ಕೆಲಸಕ್ಕೆ ಸೇರ್ಕೊಂಡೆ. ಈಗ ಕೆಲಸ ಬಿಟ್ಟು ಬೆಂಗಳೂರಲ್ಲೇ ವಿಜಯನಗರದಲ್ಲಿ ಕೋಚಿಂಗ್ ಸೇರ್ಲಾ? ಪಿಸಿ (ಕಾನ್‌ಸ್ಟೆಬಲ್) ಪರೀಕ್ಷೆನೂ ಬರೀಬೇಕಾ? ಮನೇಲಿ ಮದುವೆ ಮಾತು ಬೇರೆ ಶುರುವಾಗಿದೆ.

ಖಾಕಿ_ಕನಸು:
ಮೊದ್ಲು ಎತ್ತರ ಹೇಳಿ. 157 ಸೆಂ.ಮೀ. ಇಲ್ದಿದ್ರೆ ಮಿಕ್ಕ ಮಾತೇ ಬೇಡ. ಕೆಟಗರಿ?

ಹಿರಿಯೂರ್_ಹುಡುಗಿ:
159. ತೂಕ 45ಕ್ಕಿಂತ ಮೇಲಿದೆ. 2ಎ, ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಇದೆ.

ಖಾಕಿ_ಕನಸು:
ಹಾಗಾದ್ರೆ ಟೈಮಿದೆ. ಹಿಂದಿನ ಅಧಿಸೂಚನೆಗಳಲ್ಲಿ ಪಿಎಸ್‌ಐಗೆ ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 30, ನಿಮಗೆ 32. ಸಿವಿಲ್ ಪಿಸಿಗೆ 25 ಮತ್ತು 27. ಅಂದ್ರೆ ಪಿಸಿ ಬಾಗಿಲು ಮುಚ್ಚೋ ಹೊತ್ತು, ಪಿಎಸ್‌ಐ ಬಾಗಿಲು ತೆರೆದಿದೆ. ಮುಂದಿನ ಅಧಿಸೂಚನೇಲಿ ಸಡಿಲಿಕೆ ಏನು ಕೊಟ್ಟಿದಾರೆ ಅಂತ ಓದ್ಕೊಂಡೇ ಲೆಕ್ಕ ಹಾಕಿ.

ಸಪ್ತಾಪುರದ_ರೂಮು:
ತಂಗ್ಯವ್ವ, ಧಾರವಾಡದಾಗ ಕುಂತು ಓದಾಕತ್ತಾಂವ ಹೇಳತೇನಿ ಕೇಳು. ಕೆಲಸ ಬಿಡಬ್ಯಾಡ.

ನಾ ಬಿಟ್ಟು ಬಂದಾಂವ. 545 ಪಿಎಸ್‌ಐ ಹುದ್ದಿ ಕಥಿ ನಿನಗ ಗೊತ್ತಿರಬೇಕು. 2021ರ ಅಕ್ಟೋಬರ್ 3ಕ್ಕ ಪರೀಕ್ಷಾ ಆತು. ಓಎಂಆರ್ ಉತ್ತರ ಹಾಳಿ ತಿದ್ದಿದ್ದು ಹೊರಗ ಬಿತ್ತು, ಬ್ಲೂಟೂತ್ ಹಾಕ್ಕೊಂಡು ಬರದವರು ಸಿಕ್ಕಬಿದ್ರು. 2022ರ ಏಪ್ರಿಲ್‌ನಾಗ ಇಡೀ ಪರೀಕ್ಷಾನ ರದ್ದು, ಆಮ್ಯಾಲೆ ನೇಮಕಾತಿ ವಿಭಾಗದ ಎಡಿಜಿಪಿನ ಅರೆಸ್ಟ್ ಆದ್ರು. ಮರುಪರೀಕ್ಷಾ ಆಗಿದ್ದು 2024ರ ಜನವರಿಗೆ! ನಡುವ ಎರಡು ವರ್ಷಕ್ಕಿಂತ ಹೆಚ್ಚು. ಖರೇ ಓದಿ ಪಾಸಾದವರು ಹೈಕೋರ್ಟ್ ಮೆಟ್ಟಲಾ ಹತ್ತಿ ಸೋತ್ರು. ಆಮ್ಯಾಲೆ 402 ಪಿಎಸ್‌ಐ ಹುದ್ದಿ ಪರೀಕ್ಷಾ, ಅದೂ ದಿನಾಂಕ ಮುಂದ ಹೋಗಿ ಹೋಗಿ 2024ರ ಅಕ್ಟೋಬರ್ 3ಕ್ಕ ಆತು. ಅದೇ ತಿಂಗಳು ಪರಿಶಿಷ್ಟ ಜಾತಿ ಒಳಮೀಸಲಾತಿ ಇತ್ಯರ್ಥ ಆಗೂತನಕ ಹೊಸಾ ಅಧಿಸೂಚನಾನ ಇಲ್ಲ ಅಂತ ಸಂಪುಟದಾಗ ತೀರ್ಮಾನ ಆತು.

ಈ ನಡುವ ಮೆಸ್ ಬಿಲ್ಲು ನಿಲ್ಲಂಗಿಲ್ಲ, ರೂಮ್ ಬಾಡಿಗಿ ನಿಲ್ಲಂಗಿಲ್ಲ, ವಯಸ್ಸೂ ನಿಲ್ಲಂಗಿಲ್ಲ. ನಮ್ಮ ಓಣ್ಯಾಗ ಮೂವತ್ತು ದಾಟಿದವರು ಲೈಬ್ರರಿ ಕುರ್ಚಿ ಬಿಟ್ಟು ಊರಿಗೆ ಹೋಗಾಕೂ ನಾಚಿಕೊಂಡು ಕುಂತಾರ. ಅಪ್ಪ ಫೋನ್ ಮಾಡಿದ್ರ ‘ಯಾವಾಗ ಪರೀಕ್ಷಾ’ ಅಂತಾನ, ಏನ್ ಹೇಳೂದು?

ಮಂಡ್ಯದ_ಮಾತು:
ಅಣ್ಣ ಹೇಳಿದ್ದು ನಿಜ ಆದ್ರೂ ಪೂರ್ತಿ ಒಪ್ಪಲ್ಲ. ಕಾಲ್ ಸೆಂಟರ್ ಶಿಫ್ಟ್ ಮುಗಿಸ್ಕೊಂಡು ಬಂದು ಓದ್ತೀನಿ ಅಂದ್ರೆ ಪುಸ್ತಕದ ಮೇಲೇ ನಿದ್ದೆ ಬರುತ್ತೆ. ನಿಮ್ಮ ಜೊತೆ ಬರೆಯೋರು ದಿನಕ್ಕೆ ಹತ್ತು ಗಂಟೆ ಓದೋರು. ಬಿಡೋದಾದ್ರೆ ಗಟ್ಟಿ ಮನಸ್ಸು ಮಾಡಿ ಬಿಡಿ.

ಸಪ್ತಾಪುರದ_ರೂಮು:
ಹತ್ತು ತಾಸು ಓದತಾರ ಅಂತ ಹೇಳತಾರ. ಲೈಬ್ರರಿಯೊಳಗ ಕುಂತು ನೋಡು ಬಾ ಒಂದಿನ, ಎಷ್ಟು ತಾಸು ಮೊಬೈಲು ಎಷ್ಟು ತಾಸು ಪುಸ್ತಕ ಅಂತ.

ಕಂದಾಯ_ನೌಕರ:
ನಾನು ಕೆಲಸ ಮಾಡ್ಕೊಂಡೇ ಬರೆದು ಬೇರೆ ಇಲಾಖೆಗೆ ಬಂದವನು. ಪಿಎಸ್‌ಐ ಪತ್ರಿಕೆ ಹೇಗಿರುತ್ತೆ ಅಂತ ನೋಡಿ, ಆಮೇಲೆ ಬಿಡೋದೋ ಬೇಡ್ವೋ ಯೋಚಿಸಿ. ಮೊದಲ ಪತ್ರಿಕೆ 50 ಅಂಕ: ಪ್ರಬಂಧ, ಸಾರಾಂಶ, ಕನ್ನಡದಿಂದ ಇಂಗ್ಲಿಷ್‌ಗೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ. ಎರಡನೆಯದು 150 ಅಂಕದ ಬಹು ಆಯ್ಕೆ, ನೂರು ಪ್ರಶ್ನೆ, ತಲಾ ಒಂದೂವರೆ ಅಂಕ, ತಪ್ಪಿಗೆ 0.375 ಕಳೀತಾರೆ. ಎಲ್ಲರೂ ಎರಡನೆಯದಕ್ಕೇ ಬಿದ್ದು ಓದ್ತಾರೆ. ಬರವಣಿಗೆಯ 50 ಅಂಕದಲ್ಲೇ ಎಷ್ಟೋ ಜನ ಹಿಂದೆ ಬೀಳೋದು. ನೀವು ದಿನವಿಡೀ ಒಬ್ಬರ ಗೋಳು ಕನ್ನಡದಲ್ಲಿ ಕೇಳಿ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ದಾಖಲಿಸ್ತೀರಿ ತಾನೆ? ಸಾರಾಂಶ, ಅನುವಾದ ಎರಡೂ ನಿಮಗೆ ಅಭ್ಯಾಸ ಆಗಿಹೋಗಿದೆ. ಬೆಳಿಗ್ಗೆ ಎರಡು ಗಂಟೆ, ರಜೆ ದಿನ ಪೂರ್ತಿ. ಸಾಕು. ಅಧಿಸೂಚನೆ ಬಂದು ದೈಹಿಕ ಪರೀಕ್ಷೆ ದಾಟಿದ ಮೇಲೆ ರಜೆ ಹಾಕಿ.

ಬೀದಿ_ಬದಿ:
ಅಷ್ಟೆಲ್ಲ ಓದಿ ಆಯ್ಕೆ ಆದ್ರೂ ಪೋಸ್ಟಿಂಗ್‌ಗೆ ಎಂಎಲ್‌ಎ ಮಿನಿಟ್ (ಶಿಫಾರಸು ಪತ್ರ) ಇಲ್ಲದೆ ಒಂದು ಠಾಣೆನೂ ಸಿಗಲ್ಲ. ದುಡ್ಡು ಕೊಟ್ಟು ಬಂದೋನು ದುಡ್ಡು ತೆಗೀತಾನೆ. ಮೇಷ್ಟ್ರಿಗೆ ನ್ಯಾಯ ಕೊಡಿಸ್ತೀನಿ ಅಂತ ಹೋಗೋರೆಲ್ಲ ಎರಡು ವರ್ಷದಲ್ಲಿ ಅದೇ ‘ನಾಳೆ ಬನ್ನಿ’ ಹೇಳ್ತಾರೆ. ಈ ವ್ಯವಸ್ಥೆ ಒಳಗೆ ಹೋಗಿ ಯಾರೂ ನೆಟ್ಟಗೆ ಉಳಿಯಲ್ಲ.

ನಿವೃತ್ತ_ಎಎಸ್‌ಐ:
ಯಾರೂ ಉಳಿಯಲ್ಲ ಅನ್ನೋ ಮಾತು ವಾಪಸ್ ತಗೊಳ್ಳಿ ಸ್ವಾಮಿ. ಮಿನಿಟ್ ಇರೋದು ಸುಳ್ಳಲ್ಲ, ಅದನ್ನು ಮುಚ್ಚಿಟ್ಟು ಈ ಮಗುಗೆ ಬುದ್ಧಿ ಹೇಳೋಕ್ಕಾಗಲ್ಲ. ಒಳ್ಳೆ ಠಾಣೆ ಬೇಕು ಅಂತ ಹಠ ಹಿಡಿದೋರು ಮಿನಿಟ್ ಹಿಂದೆ ಓಡ್ತಾರೆ. ಯಾವ ಠಾಣೆ ಕೊಟ್ರೂ ಸರಿ ಅನ್ನೋರನ್ನು ಯಾರೂ ಏನೂ ಮಾಡೋಕ್ಕಾಗಲ್ಲ, ಹೆಚ್ಚಂದ್ರೆ ದೂರಕ್ಕೆ ಹಾಕ್ತಾರೆ. ನನ್ನ ಕಣ್ಣ ಮುಂದೆ ಅಂಥ ಪಿಎಸ್‌ಐಗಳು ಬಂದು ಹೋಗಿದಾರೆ. ಅವರು ವರ್ಗ ಆಗಿ ಹೋಗುವಾಗ ಹಳ್ಳಿ ಜನ ಠಾಣೆ ಮುಂದೆ ಬಂದು ನಿಂತಿದ್ದನ್ನೂ ನೋಡಿದೀನಿ.

ಮಗಳೇ, ನೀನು ಕೇಳಬೇಕಾದ ಪ್ರಶ್ನೆ ಬೇರೆ. ಸಿನಿಮಾದಲ್ಲಿ ತೋರಿಸೋ ಕೆಲಸ ತಿಂಗಳಲ್ಲಿ ಒಂದು ದಿನ ಇದ್ದರೆ ಹೆಚ್ಚು. ಉಳಿದದ್ದು ಬರೆಯೋದು. ಠಾಣಾ ದಿನಚರಿ, ಮಹಜರು, ಹೇಳಿಕೆ, ಸಿಡಿ (ಕೇಸ್ ಡೈರಿ) ಫೈಲು, ರಿಮ್ಯಾಂಡ್ ಅರ್ಜಿ, ಸಮನ್ಸು, ವಾರಂಟು. ಒಂದು ಯುಡಿಆರ್, ಅಂದರೆ ಅಸಹಜ ಸಾವಿನ ಪ್ರಕರಣ, ಹೇಳ್ತೀನಿ. ತೋಟದ ಬಾವಿಯಿಂದ ಹೆಣ ಎತ್ತಿದ್ದು. ಪಂಚರು ಮೂಗು ಮುಚ್ಕೊಂಡು ದೂರ ನಿಂತಿದ್ದರು. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಎಡಗೈ ಮಣಿಕಟ್ಟಿನ ದಾರ ಯಾವ ಬಣ್ಣ, ಸೀರೆ ಅಂಚು ಯಾವ ಬಣ್ಣ, ಕಾಲುಂಗುರ ಎಷ್ಟು, ಒಂದೊಂದೇ ಬರೆದೆ. ಸಂಜೆ ಸತ್ತ ಹೆಣ್ಣುಮಗಳ ತಾಯಿ ಬಂದು ಗುರುತು ಹಿಡಿದದ್ದು ಆ ಪಟ್ಟಿಯಲ್ಲಿದ್ದ ಕಾಲುಂಗುರದಿಂದ. ಅವಸರದಲ್ಲಿ ಎರಡು ಸಾಲು ಗೀಚಿದ್ದರೆ ಆ ಮಗಳು ಅನಾಥ ಶವ ಆಗ್ತಿದ್ದಳು. ಇಂಥ ಕೆಲಸ ಮಾಡೋಕೆ ನಿನ್ನ ಮನಸ್ಸು ಒಪ್ಪುತ್ತಾ?

ಹಿರಿಯೂರ್_ಹುಡುಗಿ:
ಒಪ್ಪುತ್ತೆ ಸರ್. ಹೆಣ ಹತ್ತಿರದಿಂದ ನೋಡಿ ಗೊತ್ತಿಲ್ಲ. ಆದ್ರೆ ಬರೆಯೋದು ನನಗೆ ಬೇಜಾರಿನ ಕೆಲಸ ಅಲ್ಲ.

ಕಡಲತಡಿ_ಶಾರದಾ:
ನಾನು ಹೆಂಡತಿಯಾಗಿ ಹೇಳ್ತೇನೆ. ನಮ್ಮ ಯಜಮಾನರು ಪಿಸಿ, ಮಂಗಳೂರು ಕಡೆ. ಚೌತಿಗೆ ಅವರು ಮೆರವಣಿಗೆ ಬಂದೋಬಸ್ತಿಗೆ, ದಸರಾಕ್ಕೂ ಅಲ್ಲೇ. ಡಿಸೆಂಬರ್ ಬಂದರೆ ಬೆಳಗಾವಿ ಅಧಿವೇಶನ, ಚಳಿಯಲ್ಲಿ ಟೆಂಟಿನ ವಾಸ. ವಾರದ ರಜೆ ಕಾಗದದಲ್ಲಿ ಉಂಟು, ಸಿಕ್ಕಿದರೆ ಸಿಕ್ಕಿತು. ಮಗುವಿನ ಶಾಲೆಯ ಕಾರ್ಯಕ್ರಮಕ್ಕೆ ಬರ್ತೇನೆ ಅಂತ ಹೇಳಿ ಬಾರದೆ ಹೋದರೆ ಮಗುವಿಗೆ ಸಮಾಧಾನ ಹೇಳುವುದು ನಾನು. ಹೆಂಗಸರೇ ಪಿಎಸ್‌ಐ ಆದರೆ ಮನೆಯಲ್ಲಿ ಆ ಸಮಾಧಾನ ಹೇಳುವವರು ಯಾರು ಅಂತ ಮದುವೆಗೆ ಮೊದಲೇ ಮಾತಾಡಿ ಮಾರಾಯ್ರೆ. ಹುಡುಗನ ಹತ್ತಿರ ಮಾತ್ರ ಅಲ್ಲ, ಅತ್ತೆ ಮಾವನ ಹತ್ತಿರವೂ.

ಮಂಡ್ಯದ_ಮಾತು:
ಅಕ್ಕ, ಈಗ ಹೊಸ ಟೋಪಿ ಬಂದಿದ್ಯಲ್ಲ, ನಿಮ್ಮ ಯಜಮಾನ್ರಿಗೆ ಇಷ್ಟ ಆಯ್ತಾ?

ಕಡಲತಡಿ_ಶಾರದಾ:
ತುಂಬಾ. ಆ ಹಳೆಯ ಸ್ಲೋಚ್ ಹ್ಯಾಟ್ ಮಳೆಯಲ್ಲಿ ನೆನೆದರೆ ಒಣಗಲಿಕ್ಕೇ ಇಲ್ಲ, ಓಡುವಾಗ ಬೀಳ್ತಿತ್ತು. ಈಗ ನೀಲಿ ಪೀಕ್ ಕ್ಯಾಪ್ ತಲೆಗೆ ಸರಿಯಾಗಿ ಕೂರ್ತದೆ.

ನಿವೃತ್ತ_ಎಎಸ್‌ಐ:
2025ರ ಅಕ್ಟೋಬರ್‌ನಲ್ಲಿ ಕೊಟ್ಟದ್ದು. ನಾವು ಸರ್ವಿಸ್ ಪೂರ್ತಿ ಕೇಳಿ ಕೇಳಿ ಹೋದೆವು. ಇದು ಸಣ್ಣದಲ್ಲ, ಪಿಸಿಗೆ ಮರ್ಯಾದೆ ಬಂದ ಹಾಗೆ.

ಖಾಕಿ_ಕನಸು:
ಟೋಪಿಗೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಇವರ ಪ್ರಶ್ನೆ ಇದೆ 🙏

ಠಾಣೆಯಿಂದ_ಅಕ್ಕ:
ನಾನು ಸೇವೆಯಲ್ಲಿರೋ ಪಿಎಸ್‌ಐ. ಜಿಲ್ಲೆ ಹೇಳಲ್ಲ. ಹೆಣ್ಣುಮಕ್ಕಳು ಇದನ್ನು ಕೇಳಿದಾಗ ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ಬರೀತಿದೀನಿ.

ಬಂದೋಬಸ್ತ್‌ನಲ್ಲಿ ಮೊದಲ ಕಷ್ಟ ಶೌಚಾಲಯ. ಬೆಳಿಗ್ಗೆ ಐದಕ್ಕೆ ಪಾಯಿಂಟ್‌ಗೆ ಬಿಟ್ಟರೆ ರಾತ್ರಿವರೆಗೂ ರಸ್ತೆ. ನೀರು ಕುಡಿಯದೆ ನಿಲ್ಲೋರೇ ಹೆಚ್ಚು, ಮೂತ್ರದ ಸೋಂಕು ನಮ್ಮಲ್ಲಿ ಮಾಮೂಲಿ. ಪಾಯಿಂಟ್‌ಗೆ ಹೋದ ಕೂಡಲೇ ಹತ್ತಿರದ ಮನೆಯವರನ್ನು ಮಾತಾಡಿಸಿಟ್ಟುಕೊಳ್ಳೋದು ನಾನು ಕಲಿತ ಮೊದಲ ಪಾಠ. ತರಬೇತಿಯಲ್ಲಿ ಇದನ್ನು ಯಾರೂ ಹೇಳ್ಕೊಡಲ್ಲ.

ಎರಡನೆಯದು ಪೋಕ್ಸೊ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು. ಮಗುವಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಸಮವಸ್ತ್ರದಲ್ಲಿ ಇರಬಾರದು ಅಂತ ಕಾನೂನೇ ಹೇಳುತ್ತೆ. ಸುತ್ತಲಿನ ಠಾಣೆಗಳಲ್ಲಿ ಮಹಿಳಾ ಎಸ್‌ಐ ನಾನೊಬ್ಬಳೇ ಇದ್ದಾಗ ಎಲ್ಲ ಕರೆಯೂ ನನಗೇ ಬರ್ತಿತ್ತು. ಜೀಪಿನಲ್ಲಿ ಯಾವಾಗಲೂ ಒಂದು ಚೂಡಿದಾರ್ ಮಡಚಿಟ್ಟಿರ್ತೀನಿ. ಒಂದು ರಾತ್ರಿ ಮಗುವಿನ ಮನೆಯಲ್ಲೇ ಬಟ್ಟೆ ಬದಲಿಸಿ, ಚಾಪೆ ಮೇಲೆ ಕೂತೆ. ಮಗು ಬಹಳ ಹೊತ್ತು ಮಾತಾಡಲಿಲ್ಲ. ಅವಳ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ಒಂದು ತಗೊಂಡು ಕೋಳಿ ಬರೆದೆ, ‘ಕಾಲು ಹೀಗಿರಲ್ಲ’ ಅಂತ ತಿದ್ದಿದಳು. ಆಮೇಲೆ ಮಾತು ಬಂತು. ಅವಳು ಹೇಳಿದ ಹಾಗೇ, ಅವಳ ಮಾತಲ್ಲೇ ಬರೆದೆ. ಆ ಪ್ರಕರಣದಲ್ಲಿ ಶಿಕ್ಷೆ ಆಯ್ತು.

ಮೂರನೆಯದು, ಸೈಬರ್ ಮಾಡ್ತೀನಿ ಅಂತ ಬಂದರೆ ಸೈಬರ್‌ಗೇ ಹಾಕ್ತಾರೆ ಅಂದ್ಕೋಬೇಡಿ. ಪ್ರತಿ ಜಿಲ್ಲೆಯಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ, ನಿಮ್ಮಂಥ ಬ್ಯಾಂಕ್ ಅನುಭವ ಇರೋರು ಅಲ್ಲಿ ನಿಜಕ್ಕೂ ಬೇಕು. ಖಾತೆಯಿಂದ ಖಾತೆಗೆ ದುಡ್ಡು ಹೇಗೆ ಹಾರುತ್ತೆ ಅಂತ ನಿಮಗೆ ಗೊತ್ತು, ನಮ್ಮಲ್ಲಿ ಬಹಳ ಜನ ಕೆಲಸಕ್ಕೆ ಬಂದ ಮೇಲೆ ಕಲಿತೋರು. ಆದರೆ ಹೊಸದಾಗಿ ಬಂದವರನ್ನು ಕಾನೂನು ಸುವ್ಯವಸ್ಥೆಗೆ ಹಾಕಿ ಪಳಗಿಸೋದೇ ಹೆಚ್ಚು. ಜಗಳ, ಅಪಘಾತ, ಜಮೀನು ತಕರಾರು, ಗಂಡ ಹೆಂಡತಿ. ಅದೂ ಬೇಕು ಅನಿಸಿದರೆ ಬನ್ನಿ.

ಬೀದಿ_ಬದಿ:
ಮೇಡಂ, ನೀವು ಮೇಷ್ಟ್ರ ವಿಷಯಕ್ಕೆ ಏನೂ ಹೇಳಲಿಲ್ಲ. ಅವರನ್ನು ವಾಪಸ್ ಕಳಿಸಿದ್ದು ಸರಿನಾ?

ಠಾಣೆಯಿಂದ_ಅಕ್ಕ:
ತಪ್ಪು. ನೂರಕ್ಕೆ ನೂರು ತಪ್ಪು. ವ್ಯಾಪ್ತಿ ಯಾವುದೇ ಇರಲಿ, ಕೂರಿಸಿ ಕೇಳಿ ದೂರು ತಗೊಳ್ಳಲೇಬೇಕು.

ದುರ್ಗದ_ವಕೀಲ:
ಅದಕ್ಕೆ ಸೇರಿಸ್ತೀನಿ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಓದಿ. ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ಕೊಡಬಹುದು, ಜನ ಅದನ್ನೇ ಝೀರೊ ಎಫ್‌ಐಆರ್ ಅನ್ನೋದು. ಠಾಣೆಯಲ್ಲಿ ದಾಖಲಿಸದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಆ ಮೇಷ್ಟ್ರಿಗೆ ಈಗಲೂ ದಾರಿ ಇದೆ, ತಿಳಿಸಿ. ಮತ್ತೆ ತಂಗಿ, ಕೋಚಿಂಗ್‌ನಲ್ಲಿ ಕೊಡೋ ಸಾಮಾನ್ಯ ಜ್ಞಾನದ ನೋಟ್ಸ್ ಜೊತೆಗೆ ಈ ಸಂಹಿತೆ, ನ್ಯಾಯ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಹೊಸ ಕಾಯ್ದೆಗಳನ್ನು ಈಗಿಂದಲೇ ಓದ್ತಾ ಇರಿ. ಶೋಧ, ಜಪ್ತಿ ಮಾಡುವಾಗ ವಿಡಿಯೊ ಮಾಡಲೇಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಕೆಲಸದ ರೀತಿಯೇ ಬದಲಾಗ್ತಿದೆ.

ಗದ್ದಲ_ಬೇಡ:
ಕಾಯ್ದೆ ಎಲ್ಲ ಸರಿ, ಕಳ್ಳನಿಗೆ ನಾಲ್ಕು ಬಾರಿಸದೆ ಬಾಯಿ ಬಿಡ್ತಾನಾ? ಹೆಣ್ಣುಮಕ್ಕಳ ಕೈಲಿ ಅದು ಆಗುತ್ತಾ?

ದುರ್ಗದ_ವಕೀಲ:
ಬಾರಿಸಿ ಬಾಯಿ ಬಿಡಿಸಿದ ತಪ್ಪೊಪ್ಪಿಗೆಗೆ ಕೋರ್ಟಲ್ಲಿ ಬೆಲೆ ಇಲ್ಲ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿ ವಿರುದ್ಧ ಬಳಸೋಕ್ಕಾಗಲ್ಲ ಅನ್ನೋದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ಆ ಹೇಳಿಕೆಯಿಂದ ಮಾಲು ಸಿಕ್ಕರೆ ಅಷ್ಟು ಭಾಗ ಮಾತ್ರ ನಿಲ್ಲುತ್ತೆ. ಹೊಡೆದ ಕೇಸು ಬಿದ್ದುಹೋಗೋದನ್ನು ನಾನು ಕಟಕಟೆ ಎದುರಿಂದ ನೋಡ್ತಾನೇ ಇದೀನಿ. ಲಾಕಪ್‌ನಲ್ಲಿ ಒಬ್ಬ ಸತ್ತರೆ ಹೊಡೆದವನ ಮನೆಯೂ ಹಾಳು.

ಠಾಣೆಯಿಂದ_ಅಕ್ಕ:
ಹೆಣ್ಣುಮಕ್ಕಳ ಕೈಲಿ ಆಗುತ್ತಾ ಅನ್ನೋ ಪ್ರಶ್ನೆಗೆ: ನಮ್ಮ ಠಾಣೆಗೆ ಬನ್ನಿ, ಒಂದು ವಾರ ಕೂತು ನೋಡಿ.

ನಿವೃತ್ತ_ಎಎಸ್‌ಐ:
ಇನ್ನೊಂದು ಮಾತು ಹೇಳಲೇಬೇಕು. ಕಂಪನಿಯಲ್ಲಿ ಬೇಜಾರಾದರೆ ಎಚ್‌ಆರ್‌ಗೆ ಹೇಳಬಹುದು, ಬೇರೆ ಕಡೆ ಹೋಗಬಹುದು. ಇಲ್ಲಿ ಸಂಘ ಕಟ್ಟೋ ಹಾಗಿಲ್ಲ, 1966ರ ಕಾಯ್ದೆ ಅಡ್ಡ ಇದೆ. 2016ರ ಜೂನ್ 4ಕ್ಕೆ ಪೊಲೀಸರ ಸಾಮೂಹಿಕ ರಜೆ ಅಂತ ಕರೆ ಕೊಟ್ಟಾಗ ಸರ್ಕಾರ ಮುಷ್ಕರ ತಡೆಯೋ ಎಸ್ಮಾ ಕಾಯ್ದೆ ಹಾಕಿತು, ಮುಖಂಡರನ್ನು ಬಂಧಿಸಿತು. ಆಮೇಲೆಯೇ ಪೊಲೀಸರ ಸಂಬಳ ನೋಡೋಕೆ ಔರಾದ್ಕರ್ ಸಮಿತಿ ಬಂತು, 2019ರಲ್ಲಿ ಸಂಬಳ ಸ್ವಲ್ಪ ಏರಿತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ್ದು ಸೇರಿ ಈಗ ಪರವಾಗಿಲ್ಲ. ಆದರೆ ಪಿಂಚಣಿ? 2006ರ ಏಪ್ರಿಲ್‌ನಿಂದ ಸೇರಿದೋರಿಗೆ ಎನ್‌ಪಿಎಸ್, ಸಂಬಳದಿಂದ ವಂತಿಗೆ ಕಟ್ಟೋ ಪಿಂಚಣಿ. ನನಗೆ ಸಿಗೋ ಪಿಂಚಣಿ ನೋಡಿ ಲೆಕ್ಕ ಹಾಕಬೇಡ.

ಸಪ್ತಾಪುರದ_ರೂಮು:
ಅಜ್ಜಾರ, ತಪ್ಪು ಮೇಲಿನವರದ್ದಿದ್ರೂ ಕೆಳಗಿನವರ ತಲೀಗೆ ಬರತೈತಿ ಅನ್ನೂದೂ ಹೇಳ್ರಿ.

ನಿವೃತ್ತ_ಎಎಸ್‌ಐ:
ಕೆಳಗಿನವರು ಮಾತ್ರ ಅಲ್ಲಪ್ಪ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಮುಂದೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಮಾರನೇ ದಿನವೇ ಕಮಿಷನರ್ ಸೇರಿ ಐವರು ಪೊಲೀಸ್ ಅಧಿಕಾರಿಗಳು ಅಮಾನತು. ಹಿಂದಿನ ರಾತ್ರಿ ಪೂರ್ತಿ ಬೀದಿಯಲ್ಲಿದ್ದ ಸಿಬ್ಬಂದಿಯನ್ನೇ ಬೆಳಿಗ್ಗೆ ಮತ್ತೆ ನಿಲ್ಲಿಸಿದ್ದರು. ಆ ದಿನ ನನಗೆ ಊಟ ಸೇರಲಿಲ್ಲ. ಸತ್ತ ಮಕ್ಕಳನ್ನು ನೆನೆದೂ, ಅಲ್ಲಿ ನಿಂತಿದ್ದ ನಮ್ಮ ಹುಡುಗರನ್ನು ನೆನೆದೂ.

ಕಂದಾಯ_ನೌಕರ:
ಕೇಂದ್ರದ ಪರೀಕ್ಷೆ ಯಾರಾದರೂ ಸೂಚಿಸೋ ಮೊದಲೇ ಹೇಳಿಬಿಡ್ತೀನಿ: ದೆಹಲಿ ಪೊಲೀಸ್, ಕೇಂದ್ರ ಪಡೆಗಳ ಎಸ್‌ಐ ಹುದ್ದೆಯ ಎಸ್‌ಎಸ್‌ಸಿ ಸಿಪಿಒ ಪರೀಕ್ಷೆಗೆ ವಯಸ್ಸು 20ರಿಂದ 25, ಹಿಂದುಳಿದ ವರ್ಗಕ್ಕೆ ಮೂರು ವರ್ಷ ಸಡಿಲಿಕೆ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡ್ಕೊಳ್ಳಿ. ಪಿಸಿಗೂ ಅರ್ಜಿ ಹಾಕಿ. ಅದಕ್ಕೆ ಬರೀ ನೂರು ಅಂಕದ ಒಂದು ಪತ್ರಿಕೆ, ಪಿಎಸ್‌ಐ ಓದಿನಲ್ಲೇ ಮುಗಿಯುತ್ತೆ. ಒಳಗೆ ಹೋದ ಮೇಲೆ ಸೇವೆಯಲ್ಲಿರೋರ (ಇನ್‌ಸರ್ವಿಸ್) ಕೋಟಾದಲ್ಲಿ ಪಿಎಸ್‌ಐ ಬರೆಯಬಹುದು.

ಮಂಡ್ಯದ_ಮಾತು:
ಪಿಸಿ ಆಗಿ ಸೇರಿದ ಮೇಲೆ ಓದೋಕೆ ಟೈಮ್ ಎಲ್ಲಿ ಸಿಗುತ್ತೆ ಸರ್? ಸೆಂಟ್ರಿ ಡ್ಯೂಟಿಲಿ ಪುಸ್ತಕ ಹಿಡಿದ್ರೆ ಮೆಮೊ ಬರುತ್ತೆ. ಕಾಲ್ ಸೆಂಟರ್‌ಗಿಂತ ಅಲ್ಲೇ ಕಷ್ಟ.

ಠಾಣೆಯಿಂದ_ಅಕ್ಕ:
ಕಷ್ಟ, ಆದರೆ ನಮ್ಮ ಬ್ಯಾಚ್‌ನಲ್ಲಿ ಪಿಸಿಯಿಂದ ಬಂದೋರು ಇದ್ದರು. ಠಾಣೆ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು. ನಾವೆಲ್ಲ ಮಹಜರು ಬರೆಯೋದನ್ನು ಅವರ ಹತ್ತಿರ ಕೂತು ಕಲಿತೆವು.

ಹಿರಿಯೂರ್_ಹುಡುಗಿ:
ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರ ನಂಬರ್‌ಗೆ ನಾನು ಸ್ವಂತ ಫೋನ್‌ನಿಂದ ಮಾಡೋ ಹಾಗಿಲ್ಲ, ಕಂಪನಿ ನಿಯಮ. ಆದ್ರೆ ಅವರೇ ದೂರಿನ ಸ್ಥಿತಿ ಕೇಳೋಕೆ ಮತ್ತೆ ಮಾಡಿದ್ರು, ವಕೀಲರು ಹೇಳಿದ 173 ವಿಷಯ ಹೇಳ್ದೆ, ಎಸ್‌ಪಿ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಹಾಕ್ತೀನಿ ಅಂದ್ರು.

ಕೆಲಸ ಬಿಡ್ತಿಲ್ಲ. ಬೆಳಗಿನ ಶಿಫ್ಟ್ ಬೇಡ, ಮಧ್ಯಾಹ್ನದ ಶಿಫ್ಟ್ ಕೊಡಿ ಅಂತ ಕೇಳಿದೀನಿ, ಬೆಳಿಗ್ಗೆ ಓಟ ಮತ್ತೆ ಓದು. ಪಿಸಿ, ಪಿಎಸ್‌ಐ ಎರಡೂ. ಮನೇಲಿ ಶಾರದಕ್ಕ ಹೇಳಿದ ಮಾತು ಅಮ್ಮನಿಗೆ ಓದಿ ಹೇಳ್ದೆ. ಅಮ್ಮ ಸುಮ್ಮನಿದ್ರು, ಅಪ್ಪ ‘ಮುಂದಿನ ಪರೀಕ್ಷೆವರೆಗೂ ಗಂಡು ನೋಡಲ್ಲ’ ಅಂದ್ರು. ಒಂದೇ ಭಯ, ಶಾಟ್‌ಪುಟ್. 400 ಮೀಟರ್ ಎರಡು ನಿಮಿಷದೊಳಗೆ ಆಗುತ್ತೆ, ಗುಂಡು ಮಾತ್ರ ಮೂರು ಮೀಟರ್ ದಾಟ್ತಿಲ್ಲ.

ಪಿಟಿ_ಮೇಷ್ಟ್ರು:
ಚೆಂಡಿನ ಹಾಗೆ ಎಸೀತಿದೀಯ, ಅದಕ್ಕೆ. ಎಸೆದರೆ ಭುಜ ಹೋಗುತ್ತೆ, ಫೌಲೂ ಆಗುತ್ತೆ. ಗುಂಡು ಬೆರಳ ಬುಡದ ಮೇಲೆ ಕೂರಬೇಕು, ಅಂಗೈಗೆ ತಾಗಬಾರದು. ದವಡೆ ಕೆಳಗೆ ಕುತ್ತಿಗೆಗೆ ಒತ್ತಿ ಹಿಡಿ, ಮೊಣಕೈ ಮೇಲಿರಲಿ. ಮಂಡಿ ಬಗ್ಗಿಸಿ, ಸೊಂಟ ತಿರುಗಿಸಿ, ಕೊನೆಗೆ ಕೈ ಚಾಚಿ ತಳ್ಳು. ಬಲ ಬರೋದು ಕಾಲಿಂದ. 4 ಕೆ.ಜಿ. ಗುಂಡು, 3.75 ಮೀಟರ್. ಕಾಲು ಬಳಸೋದು ಕಲಿತರೆ ತಿಂಗಳಲ್ಲಿ ದಾಟ್ತೀಯ. ಮೊದಲ ವಾರ ಗುಂಡು ಮುಟ್ಟಲೇಬೇಡ, ಬರೀ ಬಸ್ಕಿ ಹೊಡಿ. ಉದ್ದ ಜಿಗಿತ 2.5 ಮೀಟರ್, ಎತ್ತರ ಜಿಗಿತ 0.9, ಎರಡರಲ್ಲಿ ಒಂದು ಸಾಕು, ನಿನ್ನ ಎತ್ತರಕ್ಕೆ ಉದ್ದ ಜಿಗಿತವೇ ಆರಿಸ್ಕೊ.

ಹಿರಿಯೂರ್_ಹುಡುಗಿ:
ಸರ್, ಎಷ್ಟು ಬಸ್ಕಿ?

ಪಿಟಿ_ಮೇಷ್ಟ್ರು:
ಇಪ್ಪತ್ತರಿಂದ ಶುರು ಮಾಡು. ಮಂಡಿ ನೋವು ಬಂದರೆ ಅವತ್ತಿಗೆ ನಿಲ್ಲಿಸು.